ಲೈಸೆನ್ಸ್ ಬಂದ ಮೇಲೆ ಇನ್ನೊಂದು ಪರೀಕ್ಷೆ

ಬೈಕಿನ ಲೈಸೆನ್ಸ್ ಕೈಗೆ ಬಂದರೆ ಕಲಿಕೆ ಮುಗಿಯಿತೆಂಬುದು ನಮ್ಮಲ್ಲಿ ಬಹಳ ಮಂದಿಯ ಎಣಿಕೆ. ಕಾಲು ನೆಲಕ್ಕೆ ತಾಗಿಸದೆ 'ಎಂಟು' ಹಾಕಿದರೆ ಪಾಸು! ಆದರೆ ಆ ಎಂಟು ಅಳೆಯುವುದು ನಿಧಾನ ವೇಗದಲ್ಲಿ ನಿಮ್ಮ ಸಮತೋಲನವನ್ನು ಮಾತ್ರ. ತಿರುವಿನಾಚೆ ಏನಿರಬಹುದು, ನಿಂತ ಬಸ್ಸಿನ ಮರೆಯಿಂದ ಯಾರು ಓಡಿಬರಬಹುದು ಎಂದು ಊಹಿಸುವ ಜಾಣ್ಮೆಯನ್ನು ಅದು ಅಳೆಯದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು.

ಹಾಗಾದರೆ ಲೈಸೆನ್ಸಿನ ನಂತರ ಕಲಿಯಬೇಕಾದ್ದೇನು? ಒಂದು ಸರಳ ಲೆಕ್ಕ ನೋಡಿ. ಬ್ರಿಟನ್ನಿನ ಹೆದ್ದಾರಿ ನಿಯಮಾವಳಿಯ ಪ್ರಕಾರ, ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿರುವ ವಾಹನ ನಿಲ್ಲಲು ಸುಮಾರು 23 ಮೀಟರ್ ಬೇಕು. ವೇಗ ಇಮ್ಮಡಿಯಾಗಿ 96 ಆದರೆ ಬೇಕಾಗುವುದು 46 ಅಲ್ಲ, 73 ಮೀಟರ್. ಏಕೆಂದರೆ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮೊದಲ ಸೂತ್ರ: ಕಣ್ಣಿಗೆ ಕಾಣುವಷ್ಟು ತೆರವಾದ ರಸ್ತೆಯೊಳಗೇ ನಿಲ್ಲಬಲ್ಲ ವೇಗದಲ್ಲಿ ಸಾಗಿರಿ.

ಈ ಬಗೆಯ ಶಿಕ್ಷಣಕ್ಕೆ ಕ್ರಮಬದ್ಧ ರೂಪ ಕೊಟ್ಟ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿನ ಪೊಲೀಸ್ ಚಾಲಕರ ಕೈಪಿಡಿ 'ರೋಡ್‌ಕ್ರಾಫ್ಟ್' 1955ರಲ್ಲಿ ಪ್ರಕಟವಾಯಿತು. ಅದರ ಬೈಕ್ ಆವೃತ್ತಿ ಹೇಳುವ ಕ್ರಮದಲ್ಲಿ ಐದು ಅಂಗಗಳಿವೆ: ಮಾಹಿತಿ, ಸ್ಥಾನ, ವೇಗ, ಗೇರು, ವೇಗವರ್ಧನೆ. ಮೊದಲು ನೋಡು, ಆಮೇಲೆ ಸರಿಯಾದ ಜಾಗ ಹಿಡಿ, ವೇಗ ತಗ್ಗಿಸು, ತಕ್ಕ ಗೇರು ಹಾಕು, ಕೊನೆಗಷ್ಟೇ ಆಕ್ಸಿಲರೇಟರ್ ತಿರುಗಿಸು.

ಅಲ್ಲಿ ಸವಾರರ ಮುಂದೆ ಹಲವು ದಾರಿಗಳಿವೆ. 'ಬೈಕ್‌ಸೇಫ್' ಪೊಲೀಸರೇ ನಡೆಸುವ ಶಿಬಿರ. ಪೊಲೀಸ್ ಸವಾರರು ನಿಮ್ಮ ಸವಾರಿಯನ್ನು ಗಮನಿಸಿ ಸಲಹೆ ಕೊಡುತ್ತಾರೆ. ಪಾಸು, ಫೇಲು ಇಲ್ಲ. ಸರ್ಕಾರದ 'ಎನ್‌ಹಾನ್ಸ್ಡ್ ರೈಡರ್ ಸ್ಕೀಮ್'ನಲ್ಲೂ ಪರೀಕ್ಷೆಯಿಲ್ಲ. ತರಬೇತುದಾರರು ನಿಮ್ಮ ಕೊರತೆ ಗುರುತಿಸಿ, ಅಷ್ಟನ್ನು ಕಲಿಸಿ ಪ್ರಮಾಣಪತ್ರ ಕೊಡುತ್ತಾರೆ. 1956ರಲ್ಲಿ ಆರಂಭವಾಗಿ ಈಗ 'ಐಎಎಂ ರೋಡ್‌ಸ್ಮಾರ್ಟ್' ಎನಿಸಿಕೊಂಡಿರುವ ಸಂಸ್ಥೆಯಲ್ಲಿ ಸ್ವಯಂಸೇವಕರು ಹಲವು ವಾರ ನಿಮ್ಮ ಹಿಂದೆ ಬೈಕಿನಲ್ಲಿ ಬಂದು ತಿದ್ದುತ್ತಾರೆ; ಕೊನೆಗೆ ನಿಜವಾದ ರಸ್ತೆಯಲ್ಲೇ ಪರೀಕ್ಷೆ. 'ರೋಸ್ಪಾ' ಸಂಸ್ಥೆಯ ಪರೀಕ್ಷೆಯಲ್ಲಿ ಚಿನ್ನ, ಬೆಳ್ಳಿ, ಕಂಚು ಎಂಬ ಮೂರು ದರ್ಜೆಗಳು. ದರ್ಜೆ ಉಳಿಯಬೇಕಾದರೆ ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು.

ಇವುಗಳಲ್ಲಿ ಯಾವುದು ಮೇಲು? ಉತ್ತರ ನಿಮ್ಮ ಅಗತ್ಯದಲ್ಲಿದೆ. ನನ್ನ ತಪ್ಪೇನೆಂದು ತಿಳಿದರೆ ಸಾಕು ಎನ್ನುವವರಿಗೆ ಒಂದು ದಿನದ ಶಿಬಿರ. ಅಭ್ಯಾಸವನ್ನೇ ಬದಲಿಸಬೇಕೆನ್ನುವವರಿಗೆ ವಾರಗಟ್ಟಲೆ ತಿದ್ದುವ ಕ್ರಮ. ಕಲಿತದ್ದು ತುಕ್ಕು ಹಿಡಿಯಬಾರದೆನ್ನುವವರಿಗೆ ಮರುಪರೀಕ್ಷೆ ಇರುವ ಪದ್ಧತಿ.

ರೇಸ್ ಟ್ರ್ಯಾಕಿನ ತರಬೇತಿಯನ್ನು ಇವುಗಳೊಡನೆ ಬೆರೆಸಬೇಡಿ. ಅಲ್ಲಿ ಬೈಕಿನ ಹಿಡಿತ ಕಲಿಯಬಹುದು ನಿಜ. ಆದರೆ ಅಲ್ಲಿ ಎದುರಿಗೆ ವಾಹನ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಕೌಶಲ ಹೆಚ್ಚಿದಷ್ಟೂ ಅಪಾಯ ಕಡಿಮೆಯೆಂದೂ ಹೇಳಲಾಗದು. ನಾರ್ವೆಯಲ್ಲಿ ಜಾರುವ ರಸ್ತೆಯಲ್ಲಿ ಕಾರು ನಿಯಂತ್ರಿಸುವ ಕಡ್ಡಾಯ ತರಬೇತಿಯ ನಂತರ ತರುಣರ ಅಪಘಾತಗಳು ಹೆಚ್ಚಿದವೆಂದು 1980ರ ದಶಕದ ಅಧ್ಯಯನ ತೋರಿಸಿತು. ಅಂಥ ತರಬೇತಿಯಿಂದ ಧೈರ್ಯ ಬೆಳೆದು ಎಚ್ಚರ ಕುಂದುತ್ತದೆಂಬುದು ತಜ್ಞರು ಕೊಡುವ ವಿವರಣೆ.

ನಿಮ್ಮ ಊರಿನಲ್ಲಿ ಯಾರಾದರೂ 'ಅಡ್ವಾನ್ಸ್ಡ್' ತರಬೇತಿ ಕೊಡುತ್ತೇವೆಂದರೆ, ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಕಲಿಸುವವರ ಅರ್ಹತೆಯೇನು? ಒಬ್ಬ ಶಿಕ್ಷಕರಿಗೆ ಎಷ್ಟು ಶಿಷ್ಯರು? ಪಾಠ ಮೈದಾನದಲ್ಲೋ, ಸಂಚಾರವಿರುವ ರಸ್ತೆಯಲ್ಲೋ? ನನ್ನ ತಪ್ಪುಗಳನ್ನು ಬರೆದು ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬಾರದಿದ್ದರೆ, ನಿಮಗೆ ಸಿಗುವುದು ಗೋಡೆಗೆ ತೂಗುಹಾಕುವ ಕಾಗದ ಮಾತ್ರ.

ಅಂಥ ತರಬೇತಿ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಾಳೆ ಕಾಲೇಜಿಗೆ ಹೊರಟಾಗ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಿ. ಪ್ರತಿ ತಿರುವಿನಲ್ಲೂ ನಿಮ್ಮನ್ನೇ ಕೇಳಿಕೊಳ್ಳಿ: 'ನನಗೆ ಕಾಣುತ್ತಿರುವಷ್ಟು ದೂರದೊಳಗೆ ನಾನು ನಿಲ್ಲಬಲ್ಲೆನೇ?' ಈ ಪರೀಕ್ಷೆಗೆ ಶುಲ್ಕವಿಲ್ಲ, ಪರೀಕ್ಷಕರೂ ಬೇಕಿಲ್ಲ. ಆದರೆ ದಿನವೂ ಪಾಸಾಗಲೇಬೇಕು.