ಏಳು ವಾರದ ರಜೆ, ಎರಡು ಕೋಣೆಯ ಮನೆ



ಏಪ್ರಿಲ್ ಕೊನೆಯ ವಾರದಲ್ಲಿ ಶಾಲೆಗಳು ಮುಚ್ಚಿದರೆ ಮತ್ತೆ ಬಾಗಿಲು ತೆರೆಯುವುದು ಜೂನ್ 12ರ ಸುಮಾರಿಗೆ. ಬೆರಳು ಮಡಚಿ ಎಣಿಸಿ, ಏಳು ವಾರ. ನಿಮ್ಮಲ್ಲಿ ಬಹಳ ಮಂದಿ ಈ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರು. ಈಗ ಮಿಯಾಪುರ, ಕೂಕಟಪಲ್ಲಿ, ಕಾಪ್ರಾ, ವನಸ್ಥಲಿಪುರಂ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡು ಬ್ಯಾಂಕಿಗೆ ಕಂತು ಕಟ್ಟುತ್ತಿರುವವರು. ಮಗುವಿಗೆ ಆರೋ ಎಂಟೋ ವಯಸ್ಸು. ಹೊರಗೆ ನಲವತ್ತು ದಾಟಿದ ಬಿಸಿಲು. ಒಳಗೆ ಕೂಲರ್ ಸದ್ದು, ಫೋನು, ಹತ್ತು ನಿಮಿಷಕ್ಕೊಮ್ಮೆ "ಮಮ್ಮೀ, ಬೋರ್" ಎಂಬ ರಾಗ. ಈ ಲೇಖನ ನಿಮಗಾಗಿ. ಮದುವೆಯಾಗದವರೂ ಓದಬಹುದು, ಅಕ್ಕನ ಮಕ್ಕಳು, ಅಣ್ಣನ ಮಕ್ಕಳು ರಜೆಯಲ್ಲಿ ನಿಮ್ಮ ಕೊರಳಿಗೇ ತಾನೇ ಬೀಳುವುದು!

ನೀವು ಚಿಕ್ಕವರಿದ್ದಾಗ ನಮಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಬಟ್ಟೆ ಕಟ್ಟಿಕೊಂಡು ಬೀದರಿಗೋ ಕಲಬುರಗಿಗೋ ರಾಯಚೂರಿಗೋ ಹೊರಡುತ್ತಿದ್ದೆವು. 1956ರವರೆಗೆ ಆ ಮೂರು ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಇಲ್ಲಿಯ ಎಷ್ಟೋ ಕನ್ನಡ ಮನೆಗಳಿಗೆ ಅಜ್ಜಿಯ ಊರು ರೈಲಿನಲ್ಲಿ ಕೆಲವೇ ತಾಸಿನ ದಾರಿ. ಖರ್ಚೆಂದರೆ ಟಿಕೆಟ್ಟಿನದು ಮಾತ್ರ. ಎರಡು ತಿಂಗಳು ಅಲ್ಲಿ ಮಣ್ಣಿನಲ್ಲಿ ಹೊರಳಾಡಿ ಬಂದರೆ ಕನ್ನಡವೂ ಅದರ ಜೊತೆಗೇ ಮೈಗೆ ಅಂಟಿಕೊಂಡು ಬರುತ್ತಿತ್ತು, ಯಾರೂ ಕಲಿಸಬೇಕಾಗಿರಲಿಲ್ಲ. ಈಗ ಆ ಮನೆಗಳಲ್ಲಿ ಹಲವಕ್ಕೆ ಬೀಗ ಬಿದ್ದಿದೆ, ಕೆಲವು ಮಾರಾಟವಾಗಿವೆ. ಅಜ್ಜಿ ನಿಮ್ಮ ಫ್ಲ್ಯಾಟಿನ ಎರಡನೇ ಕೋಣೆಯಲ್ಲಿದ್ದಾಳೆ. ಅಜ್ಜಿಮನೆ ತುಂಬುತ್ತಿದ್ದ ಏಳು ವಾರವನ್ನು ಈಗ ಯಾರಾದರೂ ತುಂಬಬೇಕು. ಹಣ ಕೊಟ್ಟರೆ ತುಂಬಿಕೊಡುತ್ತೇವೆ ಎಂದು ಅಂಗಡಿ ತೆರೆದವರಿಗೇನೂ ಕೊರತೆಯಿಲ್ಲ.

ಖಾಸಗಿ ಶಿಬಿರಗಳ ಶುಲ್ಕ ಕೇಳಿದರೆ ನನ್ನಂಥ ಗೃಹಿಣಿಗೆ ಎದೆ ಝಲ್ ಎನ್ನುತ್ತದೆ. ಕೊಡಬಲ್ಲವರು ಕೊಡಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕೊಡುವ ಮುನ್ನ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ಜವಾಹರ್ ಬಾಲ ಭವನಕ್ಕೆ ಒಮ್ಮೆ ಹೋಗಿ ವಿಚಾರಿಸಿ. ಸಂಗೀತ, ನೃತ್ಯ, ಚಿತ್ರಕಲೆಯಂಥ ಬೇಸಿಗೆ ತರಗತಿಗಳು ಅಲ್ಲಿ ಸರ್ಕಾರಿ ದರದಲ್ಲಿ ನಡೆಯುತ್ತವೆ. ನಗರಪಾಲಿಕೆಯೂ ತನ್ನ ಆಟದ ಮೈದಾನಗಳಲ್ಲಿ ಬೇಸಿಗೆ ತರಬೇತಿ ನಡೆಸುತ್ತದೆ, ಹೆಸರಿಗೊಂದು ಶುಲ್ಕ. ಹೊಳಪಿನ ಜಾಹೀರಾತು ಇಲ್ಲದ ಕಾರಣ ಇವು ನಮ್ಮವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಬಾಲ ಭವನಕ್ಕೆ ಹೋದ ದಿನವೇ ಅದೇ ಉದ್ಯಾನದ ರಾಜ್ಯ ಮ್ಯೂಸಿಯಂನಲ್ಲಿರುವ ಈಜಿಪ್ಟಿನ ಮಮ್ಮಿಯನ್ನೂ ತೋರಿಸಿ. ಮಕ್ಕಳು ಒಂದು ವಾರ ಅದೇ ಮಾತಾಡುತ್ತಾರೆ.

ಉಳಿದದ್ದೆಲ್ಲ ದಿನವನ್ನು ಬಿಸಿಲಿನ ಪ್ರಕಾರ ಕತ್ತರಿಸುವುದರ ಮೇಲೆ ನಿಂತಿದೆ. ಬೆಳಿಗ್ಗೆ ಎಂಟೂವರೆಯೊಳಗೆ ಹೊರಗಿನದು. ಹತ್ತರಿಂದ ಐದರವರೆಗೆ ಒಳಗಿನದು. ಐದೂವರೆಯ ನಂತರ ಮತ್ತೆ ಹೊರಗೆ. ರೋಹಿಣಿ ಕಾರ್ತೆಯಲ್ಲಿ ಒರಳುಗಳೂ ಬಿರಿಯುತ್ತವೆ ಎಂದು ನಮ್ಮ ತೆಲುಗು ನೆರೆಯವರು ಸುಮ್ಮನೆ ಹೇಳುವುದಿಲ್ಲ.

"ಆಂಟೀ, ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಆ ಹತ್ತರಿಂದ ಐದು ನೋಡಿಕೊಳ್ಳುವವರು ಯಾರು?" ಎಂದು ನೀವು ಕೇಳುವುದು ನನಗೆ ಗೊತ್ತು. ಹಣಕ್ಕಿಂತ ದೊಡ್ಡ ಸಮಸ್ಯೆ ಇದೇ. ಇದಕ್ಕೆ ನಾನು ಕಂಡ ಉಪಾಯ ಸರದಿ. ಒಂದೇ ಬಡಾವಣೆಯ ನಾಲ್ಕೈದು ಕನ್ನಡ ಮನೆಗಳು ಸೇರಿ, ವಾರದಲ್ಲಿ ಒಂದೊಂದು ಮಧ್ಯಾಹ್ನವನ್ನು ಒಂದೊಂದು ಮನೆ ವಹಿಸಿಕೊಳ್ಳುವುದು. ಸೋಮವಾರ ನಿಮ್ಮ ಮನೆಯ ಅಜ್ಜಿ, ಮಂಗಳವಾರ ಎದುರು ಬ್ಲಾಕಿನ ನಿವೃತ್ತ ಮಾವನವರು, ಬುಧವಾರ ಮನೆಯಿಂದಲೇ ಕೆಲಸ ಮಾಡುವ ಒಬ್ಬ ತಾಯಿ, ಹೀಗೆ. ಮಕ್ಕಳು ಡಬ್ಬಿ ತಂದುಕೊಳ್ಳಲಿ. ಆ ದಿನದ ಮನೆಯವರು ಮಜ್ಜಿಗೆಯನ್ನೋ ಪಾನಕವನ್ನೋ ಕೊಟ್ಟರೆ ಸಾಕು. ಒಂದೇ ಮನೆಯ ಕೂಲರ್ ಓಡುತ್ತದೆ, ಉಳಿದ ಮನೆಗಳ ಕರೆಂಟ್ ಬಿಲ್ ಉಳಿಯುತ್ತದೆ. ಒಂದೇ ಕಟ್ಟಳೆ: ಆ ಹೊತ್ತಿನಲ್ಲಿ ಹಿರಿಯರು ಇಂಗ್ಲಿಷಿಗೂ ಹಿಂದಿಗೂ ಜಾರಕೂಡದು. ಮಕ್ಕಳು ಯಾವ ಭಾಷೆಯಲ್ಲಾದರೂ ಉತ್ತರ ಕೊಡಲಿ, ಗದರಬೇಡಿ. ನಾನು ನೋಡಿದ ಮಟ್ಟಿಗೆ, ಹಿರಿಯರು ಹಟ ಬಿಡದಿದ್ದರೆ ಮೂರನೇ ವಾರಕ್ಕೆ ಮಕ್ಕಳ ಬಾಯಲ್ಲೂ ಕನ್ನಡ ತಾನಾಗಿ ಬರುತ್ತದೆ, ಅದರಲ್ಲೂ ಜಗಳವಾಡುವಾಗ.

ಜಗಳಕ್ಕೆ ಚೌಕಾಬಾರದಷ್ಟು ಒಳ್ಳೆಯ ಆಟ ಇನ್ನೊಂದಿಲ್ಲ. ನಿಮಗೆ ಇದು 'ಅಷ್ಟಾ ಚಮ್ಮಾ' ಎಂದು ಗೊತ್ತು. 2008ರಲ್ಲಿ ಅದೇ ಹೆಸರಿನ ತೆಲುಗು ಸಿನಿಮಾ ಬಂತಲ್ಲ, ನಾನಿಯ ಮೊದಲ ಚಿತ್ರ. ಆಟ ಅದೇ. ನೆಲದ ಮೇಲೆ ಸೀಮೆಸುಣ್ಣದಿಂದ ಐದಕ್ಕೆ ಐದು, ಇಪ್ಪತ್ತೈದು ಮನೆ ಬರೆಯಿರಿ. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಬದಿಯನ್ನು ಒರಟು ನೆಲಕ್ಕೆ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳಿ. ಈ ತಿಕ್ಕುವ ಕೆಲಸವನ್ನೇ ಮಕ್ಕಳಿಗೆ ಕೊಟ್ಟರೆ ಅರ್ಧ ತಾಸು ಮನೆ ಶಾಂತ! ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಭಾರ, ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಎಣಿಕೆ, ಕಾಯುವಿಕೆ, ಮೋಸ ಹಿಡಿಯುವುದು, ಎಲ್ಲವೂ ಇದರಲ್ಲಿದೆ. ಅಟ್ಟದ ಮೇಲೆ ಅಳಿಗುಳಿ ಮಣೆ ಇದ್ದರೆ ಅದನ್ನೂ ಇಳಿಸಿ. ಇಲ್ಲದಿದ್ದರೆ ಮೊಟ್ಟೆಯ ಟ್ರೇಯಿಂದ ಹದಿನಾಲ್ಕು ಗುಳಿ ಕತ್ತರಿಸಿಕೊಂಡರೆ ಆಯಿತು.

ಇನ್ನೊಂದು ಆಟಕ್ಕೆ ಬೀಜವೂ ಬೇಡ, ಸೀಮೆಸುಣ್ಣವೂ ಬೇಡ. ತೆಲಂಗಾಣದಲ್ಲಿ 2018ರ ಕಾಯ್ದೆಯ ನಂತರ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಗಿದೆ, ಆದ್ದರಿಂದ ನಿಮ್ಮ ಮಕ್ಕಳಿಗೆ ತೆಲುಗು ಬರುತ್ತದೆ. ಅದನ್ನೇ ಏಣಿ ಮಾಡಿಕೊಳ್ಳಿ. ನೀವು ತೆಲುಗಿನ 'ಪ'ಕಾರದ ಒಂದು ಪದ ಹೇಳಿ, ಮಗು ಅದನ್ನು 'ಹ' ಮಾಡಲಿ. ಪಾಲು ಹಾಲಾಯಿತು. ಪುಲಿ ಹುಲಿಯಾಯಿತು. ಪಂದಿ ಹಂದಿ, ಪಾಮು ಹಾವು, ಪುವ್ವು ಹೂವು, ಪಗಲು ಹಗಲು. ಪಿಲ್ಲಿ ಮಾತ್ರ ಹಿಲ್ಲಿಯಾಗುವುದಿಲ್ಲ, ಅದು ಬೆಕ್ಕು. ಅಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪಂದಿ ಎಂದೇ ಅನ್ನುತ್ತಿದ್ದೆವು. ಕಾಲ ಕಳೆದಂತೆ ಕನ್ನಡದಲ್ಲಿ ಪಕಾರ ಹಕಾರವಾಯಿತು, ತೆಲುಗು ಹಾಗೆಯೇ ಉಳಿಯಿತು. ಲಿಪಿಯದೂ ಇದೇ ಕಥೆ. ಎರಡೂ ಒಂದೇ ಮೂಲದಿಂದ ಕವಲೊಡೆದವು. ತಲೆಕಟ್ಟಿನ ವ್ಯತ್ಯಾಸ, ಮತ್ತೆ ಕ, ತ, ಶ, ಹ ಮುಂತಾದ ಕೆಲವು ಅಕ್ಷರ ಬಿಟ್ಟರೆ ಉಳಿದವನ್ನು ತೆಲುಗು ಓದುವ ಮಗು ಊಹಿಸಿಯೇ ಓದಬಲ್ಲದು. ದಿನಕ್ಕೆ ನಾಲ್ಕು ಅಕ್ಷರ ಎಂದರೂ ಏಳು ವಾರ ಧಾರಾಳ. ನಿಮ್ಮಲ್ಲೂ ಕೆಲವರು ಈ ಲೇಖನವನ್ನು ಅಮ್ಮನಿಂದ ಓದಿಸಿಕೊಂಡು ಕೇಳುತ್ತಿರಬಹುದು. ಮಗುವಿನ ಪಕ್ಕದಲ್ಲಿ ನೀವೂ ಒಂದು ಪಾಟಿ ಹಿಡಿದು ಕೂತರೆ ನಗುವವರು ಯಾರೂ ಇಲ್ಲ. ಅಕ್ಷರ ಕೂಡಿಸಲು ಬಂದ ಮೇಲೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಬಿಟ್ಟಿಯಾಗಿ ಸಿಗುತ್ತವೆ. ಫೋನನ್ನು ಹೇಗೂ ಕೈಯಿಂದ ಬಿಡಿಸಲಾರಿರಿ, ಅದರಲ್ಲಿ ಇದಾದರೂ ಇರಲಿ.

ಬೆಳಗಿನ ಹೊತ್ತಿಗೆ ಸಂಡಿಗೆ. ಇಲ್ಲಿಯ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. ಸಂಡಿಗೆ ಇಡುವವಳಿಗೆ ಮಾತ್ರ ಅದು ಪುಕ್ಕಟೆ ಒಲೆ. ಅಕ್ಕಿಹಿಟ್ಟನ್ನು ಉಪ್ಪು, ಜೀರಿಗೆ, ಇಂಗು, ಅರೆದ ಹಸಿಮೆಣಸಿನಕಾಯಿ ಹಾಕಿ ಬೇಯಿಸಿಟ್ಟುಕೊಂಡು, ಆರು ಗಂಟೆಗೆ ಮಕ್ಕಳನ್ನು ಎಬ್ಬಿಸಿ ಮಾಳಿಗೆಗೆ ಕರೆದೊಯ್ಯಿರಿ. (ಹಿಂದಿನ ರಾತ್ರಿಯೇ ವಾಚ್‌ಮನ್ ಹತ್ತಿರ ಬೀಗದಕೈ ಇಸಿದುಕೊಳ್ಳಿ, ಬೆಳಿಗ್ಗೆ ಅವನು ಸಿಗುವುದಿಲ್ಲ.) ಹಳೆಯ ಪಂಚೆ ಹಾಸಿ ನಾಲ್ಕೂ ಮೂಲೆಗೆ ಕಲ್ಲಿಡುವುದು ಒಬ್ಬರ ಕೆಲಸ, ಚಕ್ಕುಲಿ ಒರಳು ಒತ್ತುವುದು ಒಬ್ಬರದು, ಕಾಗೆ ಓಡಿಸುವುದು ಉಳಿದವರೆಲ್ಲರದು. ಎಂಟಕ್ಕೆ ಎಲ್ಲರೂ ಕೆಳಗೆ. ಸಂಜೆ ಹೋಗಿ ಪಂಚೆ ಬೋರಲು ಮಾಡಿ ನೀರು ಚಿಮುಕಿಸಿ ಬಿಡಿಸುವುದಿದೆಯಲ್ಲ, ಅದಕ್ಕೆ ಮಕ್ಕಳು ನಾಮುಂದು ತಾಮುಂದು ಎಂದು ಬರುತ್ತಾರೆ. ಅರ್ಧ ಒಣಗಿದ ಸಂಡಿಗೆ ತಿನ್ನುವ ರುಚಿ ನಿಮಗೆ ನೆನಪಿರಬೇಕು. ಒಂದು ಕಿಲೋ ಅಕ್ಕಿಹಿಟ್ಟಿನ ಸಂಡಿಗೆ ಡಬ್ಬಿ ತುಂಬುತ್ತದೆ. ಪಿಜ್ಜಾದ ಬೆಲೆಗೆ ಇದನ್ನು ಹೋಲಿಸಲು ನಾನು ಹೋಗುವುದಿಲ್ಲ.

ವಾರಕ್ಕೊಂದು ತಿರುಗಾಟ ಬೇಕೇ ಬೇಕು. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸಿಟಿ ಆರ್ಡಿನರಿ, ಮೆಟ್ರೋ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಆಧಾರ್ ಕಾರ್ಡ್ ಪರ್ಸಿನಲ್ಲಿರಲಿ. ಯಜಮಾನರು ದುಡ್ಡು ಕೊಡಬೇಕು. ಬಿಸಿಲಿನ ದಿನ ಮೆಟ್ರೋ ಒಳ್ಳೆಯದು. ಮಿಯಾಪುರದಿಂದ ಎಲ್.ಬಿ. ನಗರದ ಕಡೆ ಹೋಗುವ ಗಾಡಿಯಲ್ಲಿ ಉಸ್ಮಾನಿಯಾ ಮೆಡಿಕಲ್ ಕಾಲೇಜಿನಲ್ಲಿ ಇಳಿದು ಆಟೋ ಹಿಡಿದರೆ ಸಾಲಾರ್‌ಜಂಗ್ ಮ್ಯೂಸಿಯಂ ಹತ್ತಿರ. ಶುಕ್ರವಾರ ಅದಕ್ಕೆ ರಜೆ. ಹನ್ನೆರಡಕ್ಕೆ ಸರಿಯಾಗಿ ಗಡಿಯಾರದ ಅಂಗಳದಲ್ಲಿರಿ. ಗಡ್ಡದ ಪುಟ್ಟ ಮನುಷ್ಯ ಒಳಗಿನಿಂದ ಬಂದು ಹನ್ನೆರಡು ಪೆಟ್ಟು ಹೊಡೆಯುವುದನ್ನು ನೋಡಲು ನಾನು ಈಗಲೂ ಮಕ್ಕಳ ಜೊತೆ ನೂಕುನುಗ್ಗಲಿನಲ್ಲಿ ನಿಲ್ಲುತ್ತೇನೆ. ಮುಸುಕಿನ ರೆಬೆಕ್ಕಾಳನ್ನು ಎಲ್ಲರೂ ನೋಡುತ್ತಾರೆ. ನೀವು ಬಿದರಿ ವಸ್ತುಗಳ ಕೋಣೆಯನ್ನು ಬಿಡಬೇಡಿ. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಹುಕ್ಕಾ, ಹೂಜಿಗಳು. ನಮ್ಮ ಸೀಮೆಯ ಕೈಕೆಲಸ.

ಹೋಗುವಾಗ ದಾಟುವ ಮೂಸಿ ನದಿ ಈಗ ನೋಡಲು ಏನೂ ಅಲ್ಲ. ಆದರೆ 1908ರ ಸೆಪ್ಟೆಂಬರ್ 28ರಂದು ಇದೇ ನದಿ ಊರನ್ನೇ ನುಂಗಿತ್ತು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರ ಹತ್ತಿ ಸುಮಾರು ನೂರೈವತ್ತು ಜನ ಜೀವ ಉಳಿಸಿಕೊಂಡರು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಮೇಲೆ ಅಣೆಕಟ್ಟು ಕಟ್ಟಿ ನೀರು ತಡೆಯಬೇಕೆಂದು ಅವರು ಕೊಟ್ಟ ಯೋಜನೆಯಿಂದ ಬಂದವು 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಉಸ್ಮಾನ್ ಸಾಗರವೆಂದರೆ ನಿಮ್ಮ ಗಂಡಿಪೇಟೆ. ಒಂದು ಭಾನುವಾರ ಸಂಜೆ ಅವಲಕ್ಕಿ ಕಟ್ಟಿಕೊಂಡು ಅಲ್ಲಿಗೂ ಹೋಗಿ. ನೀರಿಗಿಳಿಯಲು ಮಾತ್ರ ಬಿಡಬೇಡಿ.

ಸಂಜೆಗೆ ಹುಸೇನ್ ಸಾಗರದ ಟ್ಯಾಂಕ್‌ಬಂಡ್ ಇದ್ದೇ ಇದೆ. 1562ರಲ್ಲಿ ಅದನ್ನು ಕಟ್ಟಿಸಿದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮುನ್ನ ಸುಮಾರು ಏಳು ವರ್ಷ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದವನು. 1565ರಲ್ಲಿ ಅದೇ ರಾಮರಾಯನ ಮೇಲೆ ದಂಡೆತ್ತಿ ಹೋದ ಸುಲ್ತಾನರಲ್ಲಿ ಅವನೂ ಒಬ್ಬ. ಇದನ್ನು ಹೇಳಿದಾಗ ನಮ್ಮ ಓಣಿಯ ಒಬ್ಬ ಹುಡುಗ, "ಊಟ ಹಾಕಿದವರ ಮೇಲೇನಾ ಆಂಟೀ?" ಎಂದು ಕೇಳಿ ಬುದ್ಧನ ವಿಗ್ರಹ ನೋಡುವುದನ್ನೇ ಮರೆತ.

ಗೋಲ್ಕೊಂಡ ಮೇ ತಿಂಗಳಲ್ಲಿ ಬೇಡವೇ ಬೇಡ. ಬಂಡೆ ಕಾದು ಹೆಂಚಾಗಿರುತ್ತದೆ, ಮೆಟ್ಟಿಲು 350ಕ್ಕೂ ಹೆಚ್ಚು. ಮಳೆ ಬಿದ್ದ ಮೇಲೆ ಹೋಗಿ. ಹದಿನೈದು ವರ್ಷದೊಳಗಿನವರಿಗೆ ಆಗಲೂ ಟಿಕೆಟ್ ಇಲ್ಲ. ಮೃಗಾಲಯಕ್ಕೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಸೋಮವಾರ ಬಿಟ್ಟು. ಎಲ್ಲಿಗೆ ಹೋದರೂ ನೀರಿನ ಬಾಟಲಿಯ ಜೊತೆ ಇನ್ನೊಂದು ಬಾಟಲಿ ಇರಲಿ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೈ ಕಾದು ಮಗು ಮಂಕಾದರೆ, ಮಾತು ತಡವರಿಸಿದರೆ ಮನೆಮದ್ದಿಗೆ ಕಾಯಬೇಡಿ; ನೆರಳಿಗೆ ತಂದು ಮೈಯೆಲ್ಲ ಒದ್ದೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಐದು ನಿಮಿಷವೂ ಬಿಡಬೇಡಿ.

ಕೈಯಲ್ಲಿ ಸ್ವಲ್ಪ ಹಣ ಉಳಿದಿದ್ದರೆ ಜೂನ್ ಮೊದಲ ವಾರ, ಮೋಡ ಕಟ್ಟಿದ ಮೇಲೆ, ಸರದಿಯ ನಾಲ್ಕೂ ಮನೆಯವರು ಸೇರಿ ಬೀದರಿಗೆ ಹೋಗಿ ಬನ್ನಿ. ವಿಕಾರಾಬಾದ್, ಜಹೀರಾಬಾದ್ ಮೇಲೆ ಹಾಯುವ ರೈಲಿನಲ್ಲಿ ಸಾಮಾನ್ಯ ದರ್ಜೆಯ ಟಿಕೆಟ್ ಸಾಕು. ಗೋಲ್ಕೊಂಡದ ಮೊದಲ ಸುಲ್ತಾನ ಬೀದರಿನ ಬಹಮನಿ ದರಬಾರಿನಿಂದಲೇ ಬಂದವನು. ಕೋಟೆಯಲ್ಲಿ ಕೂತು ಆ ಕಥೆ ಹೇಳಿ. ಮಧ್ಯಾಹ್ನ ಗುರುನಾನಕ್ ಝೀರಾದಲ್ಲಿ ಲಂಗರ್ ಊಟ, ಯಾರಿಗೂ ಬೇಡವೆನ್ನುವುದಿಲ್ಲ. ಸಂಜೆ ಹಳೆಯ ಪೇಟೆಯಲ್ಲಿ ಬಿದರಿ ಕೆಲಸದವರು ಬೆಳ್ಳಿತಂತಿ ಕೂರಿಸುವುದನ್ನು ನೋಡಬಹುದು. ಅಂಗಡಿಯವರನ್ನು ಕನ್ನಡದಲ್ಲಿ ಮಾತಾಡಿಸುವ ಕೆಲಸ ಮಕ್ಕಳಿಗೇ ಬಿಡಿ. ಪೇಟೆಯ ನಡುವೆ ಚೌಬಾರಾ ಎಂಬ ಎತ್ತರದ ಕಾವಲು ಗೋಪುರವಿದೆ. ಹೆಸರು ಕೇಳಿದ ಮಕ್ಕಳು ಕವಡೆ ಎಲ್ಲಿ ಎಂದು ಕೇಳಿದರೆ ನಗಬೇಡಿ.