ಚಾಕಣದ ಡ್ರಮ್ಮು, ಅಮೆರಿಕದ ಗ್ಯಾಲನ್ನು

ಈರುಳ್ಳಿ ಪೇಟೆಗೆ ಹೆಸರಾದ ಚಾಕಣ ಈಗ ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್ ಕಾರ್ಖಾನೆಗಳ ಊರೂ ಹೌದು. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಇಂಥ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರ ಕೈಗೆ ಒಮ್ಮೊಮ್ಮೆ ಅಮೆರಿಕದ ಕೈಪಿಡಿ ಬರುತ್ತದೆ. ಅದರಲ್ಲಿ ಲೀಟರ್ ಇರುವುದಿಲ್ಲ. ಗ್ಯಾಲನ್, ಕ್ವಾರ್ಟ್, ಔನ್ಸ್!

ಗ್ಯಾಲನ್ ಎಂದರೆ ನಾಲ್ಕೂವರೆ ಲೀಟರ್ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದು ಬ್ರಿಟಿಷರ ಗ್ಯಾಲನ್: 4.546 ಲೀಟರ್. ಅಮೆರಿಕದ್ದು 3.785 ಮಾತ್ರ. ಇಂಗ್ಲೆಂಡಿನಲ್ಲಿ ರಾಣಿ ಆ್ಯನ್ ಕಾಲದಲ್ಲಿ, 1707ರಲ್ಲಿ, ಗೊತ್ತು ಮಾಡಿದ ದ್ರಾಕ್ಷಾರಸದ ಗ್ಯಾಲನ್ನನ್ನೇ ಅಮೆರಿಕದವರು ಉಳಿಸಿಕೊಂಡರು. ಬ್ರಿಟಿಷರು 1824ರಲ್ಲಿ ತಮ್ಮದನ್ನು ಬದಲಿಸಿದರು. ಹೆಸರು ಒಂದೇ, ಪಾತ್ರೆ ಬೇರೆ. ಒಂದೊಂದು ಸೀಮೆಗೆ ಒಂದೊಂದು ಸೇರು ಇದ್ದ ನಾಡಿನವರಿಗೆ ಇದೇನೂ ಹೊಸದಲ್ಲ ಬಿಡಿ.

ಇದರಿಂದ ಏನಾಗುತ್ತದೆ ನೋಡಿ. ಎಂಜಿನ್ನಿಗೆ 5 ಕ್ವಾರ್ಟ್ ಎಣ್ಣೆ ಎಂದು ಬರೆದಿದೆ ಎನ್ನೋಣ. ಅಮೆರಿಕದ ಲೆಕ್ಕದಲ್ಲಿ ಅದು 4.73 ಲೀಟರ್. ಬ್ರಿಟಿಷ್ ಲೆಕ್ಕ ಹಿಡಿದರೆ 5.68 ಲೀಟರ್. ಹತ್ತಿರ ಹತ್ತಿರ ಒಂದು ಲೀಟರ್ ಹೆಚ್ಚು! ಹೆಚ್ಚಾದ ಎಣ್ಣೆಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಬಡಿದು ನೊರೆ ಏಳುತ್ತದೆ. ನೊರೆ ಎಣ್ಣೆ ಬೇರಿಂಗುಗಳನ್ನು ಕಾಯುವುದಿಲ್ಲ, ಸೀಲುಗಳೂ ಸೋರಬಹುದು.

ಖರೀದಿ ವಿಭಾಗದವರಿಗೆ ಇನ್ನೊಂದು ಮಾತು. ಇಲ್ಲಿ ಡ್ರಮ್ಮೆಂದರೆ ಸಾಮಾನ್ಯವಾಗಿ 200 ಲೀಟರ್, ಅಂದರೆ 52.8 ಗ್ಯಾಲನ್. ಅಮೆರಿಕದ ಡ್ರಮ್ 55 ಗ್ಯಾಲನ್, 208 ಲೀಟರಿಗೆ ತುಸು ಹೆಚ್ಚು. "ಡ್ರಮ್ಮು ಡ್ರಮ್ಮೇ ಅಲ್ವಾ" ಎಂದು ಹತ್ತು ಡ್ರಮ್ಮಿನ ದರ ಹೋಲಿಸಿದರೆ 82 ಲೀಟರ್ ಲೆಕ್ಕದಿಂದಲೇ ಮಾಯ.

ಕ್ಯಾಲ್ಕುಲೇಟರ್ ಕೈಗೆ ಸಿಗದಿದ್ದಾಗ ನೂರು ಲೀಟರಿಗೆ ಇಪ್ಪತ್ತಾರೂವರೆ ಗ್ಯಾಲನ್ ಎಂದುಕೊಂಡರೆ ಸಾಕು. ಲೀಟರಿಗೆ ನೂರಕ್ಕೆ ಆರರಷ್ಟು ಕೂಡಿಸಿದರೆ ಕ್ವಾರ್ಟ್ ಬಂತು. ಇದು ಅಂದಾಜಿಗಷ್ಟೇ. ಎಣ್ಣೆ ತುಂಬುವಾಗ ಪೂರ್ತಿ ಅಂಕಿಯನ್ನೇ ಬಳಸಿ, ಕೊನೆಗೆ ಅಳತೆ ಕಡ್ಡಿ ಎತ್ತಿ ನೋಡಿ.

ಎಲ್ಲಕ್ಕಿಂತ ಕಾಡುವುದು ಔನ್ಸ್. ಕಾರಿನ ಎಸಿಯಲ್ಲಿ ತಂಪುಕಾರಕ ಅನಿಲದ ಔನ್ಸ್ ತೂಕದ್ದು, 28.35 ಗ್ರಾಂ. ಅದೇ ಎಸಿಯ ಕಂಪ್ರೆಸರ್ ಎಣ್ಣೆಯ ಔನ್ಸ್ ದ್ರವದ್ದು, 29.57 ಮಿಲಿಲೀಟರ್. ಒಂದನ್ನು ತಕ್ಕಡಿಯಲ್ಲಿ ತೂಗಬೇಕು, ಇನ್ನೊಂದನ್ನು ಅಳತೆ ಲೋಟದಲ್ಲಿ ಸುರಿಯಬೇಕು.