ಗೋಡೆಯ ಗುಟ್ಟು ಓದುವ ವೃತ್ತಿ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟಿಸಿದವನೇ ಅದರಲ್ಲಿ ವಾಸಿಸುವವನೂ ಆಗಿರುತ್ತಿದ್ದನು. ತಳಪಾಯಕ್ಕೆ ಬಿದ್ದ ಕಲ್ಲೆಷ್ಟು, ಗಾರೆಗೆ ಬೆರೆತ ಸುಣ್ಣವೆಷ್ಟು ಎಂಬುದನ್ನು ಅವನು ಎದುರಿಗೆ ನಿಂತು ಕಂಡಿರುತ್ತಿದ್ದನು. ಇಂದು ನಗರವಾಸಿಗಳಲ್ಲಿ ಬಹುಮಂದಿ ಮನೆಯನ್ನು ಕಟ್ಟಿಸುವುದಿಲ್ಲ, ಕೊಳ್ಳುತ್ತಾರೆ. ಸಂಬಂಧ ಬೆಳೆಸುವಾಗ ಮೂರು ತಲೆಮಾರು ವಿಚಾರಿಸುವ ಮನೆತನದವರೂ ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕೊಳ್ಳುವ ಮನೆಯ ವಿಷಯದಲ್ಲಿ ಹೊಸ ಸುಣ್ಣಬಣ್ಣವನ್ನು ಕಂಡೇ ತೃಪ್ತರಾಗುವುದುಂಟು.

ಆ ಬಣ್ಣದ ಹಿಂದೆ ಏನಿದೆಯೆಂದು ಕೊಳ್ಳುವವರ ಪರವಾಗಿ ನೋಡಿ ಹೇಳುವ ಕೆಲಸ ಅಮೆರಿಕದಲ್ಲಿ ಒಂದು ಪ್ರತ್ಯೇಕ ವೃತ್ತಿಯಾಗಿಯೇ ಬೆಳೆದಿದೆ. ಅಲ್ಲಿ ಅವನಿಗೆ ‘ಹೋಮ್ ಇನ್‌ಸ್ಪೆಕ್ಟರ್’ ಎಂದು ಹೆಸರು. ನಾವು ಗೃಹ ಪರೀಕ್ಷಕನೆನ್ನಬಹುದು. 1976ರಲ್ಲಿ ಈ ವೃತ್ತಿಯವರು ‘ಅಮೆರಿಕನ್ ಸೊಸೈಟಿ ಆಫ್ ಹೋಮ್ ಇನ್‌ಸ್ಪೆಕ್ಟರ್ಸ್’ ಎಂಬ ಸಂಘವನ್ನು ಕಟ್ಟಿಕೊಂಡರು. 1984ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವೊಂದರ ತೀರ್ಪು ಈ ಕಸುಬಿಗೆ ಬಲ ತಂದಿತು. ಸರಿಯಾಗಿ ಗಟ್ಟಿಸದೆ ಮಣ್ಣು ತುಂಬಿದ ನೆಲದ ಮೇಲಿದ್ದ ಮನೆಯೊಂದು, ಮಾರಾಟವಾದ ಮೇಲೆ ಭೂಮಿ ಜರುಗಿ ಹಾಳಾಗಿತ್ತು. ಸಾಮಾನ್ಯ ಎಚ್ಚರದಿಂದ ಕಾಣಬಹುದಾದ ದೋಷಗಳನ್ನು ನೋಡಿ ತಿಳಿಸುವುದು ದಲ್ಲಾಳಿಯ ಹೊಣೆಯೆಂದು ನ್ಯಾಯಾಲಯ ಹೇಳಿತು. ಆ ಹೊಣೆಯ ಭಯದಿಂದ ದಲ್ಲಾಳಿಗಳೇ, “ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ” ಎಂದು ಗಿರಾಕಿಗಳಿಗೆ ಹೇಳತೊಡಗಿದರು.

ಕಲಿಕೆಯ ದಾರಿ

ಈ ವೃತ್ತಿಗೆ ಸೇರುವ ನಿಯಮ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್ ರಾಜ್ಯದಲ್ಲಿ 140 ಗಂಟೆಗಳ ಶಿಕ್ಷಣ ಪಡೆಯಬೇಕು. ಅದರಲ್ಲಿ 40 ಗಂಟೆಗಳನ್ನು ಅನುಭವಿಯೊಬ್ಬನ ಕಣ್ಣೆದುರಿನಲ್ಲಿ ನಿಜವಾದ ಮನೆಗಳನ್ನು ಪರೀಕ್ಷಿಸುತ್ತ, ಸಂಬಳವಿಲ್ಲದೆ ಕಳೆಯಬೇಕು. ಅನೇಕ ರಾಜ್ಯಗಳು ಒಪ್ಪಿಕೊಂಡಿರುವ ರಾಷ್ಟ್ರೀಯ ಪರೀಕ್ಷೆಯಲ್ಲಿ ನಾಲ್ಕು ಗಂಟೆಗಳಲ್ಲಿ 200 ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿಯಾದರೋ ಪರವಾನಗಿಯ ಕಟ್ಟಳೆಯೇ ಇಲ್ಲ. ಯಾರು ಬೇಕಾದರೂ ಫಲಕ ತೂಗುಹಾಕಬಹುದು.

ಬಡಗಿ, ಗಾರೆ ಮೇಸ್ತ್ರಿ, ವಿದ್ಯುತ್ ಕೆಲಸಗಾರ, ಎಂಜಿನಿಯರು ಮೊದಲಾದವರಿಗೆ ಈ ವೃತ್ತಿ ಸುಲಭವೆಂದು ತೋರಬಹುದು. ಆದರೆ ಅವರವರ ಕಸುಬಿನ ಜ್ಞಾನವೇ ಅವರಿಗೆ ತೊಡಕಾಗುವುದೂ ಉಂಟು. ಬಡಗಿಯ ಕಣ್ಣು ಬಾಗಿಲ ಚೌಕಟ್ಟಿನಲ್ಲೇ ನಿಂತುಬಿಡುತ್ತದೆ. ಪರೀಕ್ಷಕನಾದವನು ಸೂರಿನಿಂದ ತಳಪಾಯದವರೆಗೆ, ನೀರಿನ ಕೊಳವೆಯಿಂದ ವಿದ್ಯುತ್ ತಂತಿಯವರೆಗೆ ಎಲ್ಲವನ್ನೂ ಸಮದೃಷ್ಟಿಯಿಂದ ನೋಡಬೇಕು.

ಕಣ್ಣಿಗೆ ಕಂಡಷ್ಟು

ಅವನ ಸಲಕರಣೆಗಳು ಹೆಚ್ಚಿಲ್ಲ: ಏಣಿ, ಟಾರ್ಚು, ಸ್ಕ್ರೂಡ್ರೈವರು, ಗೋಡೆಯ ತೇವವನ್ನು ಅಳೆಯುವ ಮೀಟರು, ವಿದ್ಯುತ್ ಸಾಕೆಟ್ಟನ್ನು ಪರೀಕ್ಷಿಸುವ ಪುಟ್ಟ ಉಪಕರಣ. ಮೊದಲು ಅವನು ಮನೆಯ ಸುತ್ತ ನಡೆದು ಬರುತ್ತಾನೆ. ನೆಲದ ಇಳಿಜಾರು ಗೋಡೆಯಿಂದ ಆಚೆಗಿದೆಯೇ, ಗೋಡೆಯತ್ತಲೇ ಇದೆಯೇ? ಸೂರಿನ ನೀರು ಎಲ್ಲಿಗೆ ಹೋಗುತ್ತದೆ? ಮನೆಯ ವೈರಿಗಳಲ್ಲಿ ನೀರೇ ಮೊದಲನೆಯದು.

ಮನೆ ಕಟ್ಟಿದ ವರ್ಷವೂ ಅವನಿಗೊಂದು ಸುಳಿವು. 1965ರಿಂದ 1973ರ ನಡುವೆ ಅಮೆರಿಕದ ಅನೇಕ ಮನೆಗಳಿಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಎಳೆಯಲಾಗಿತ್ತು. ಈ ತಂತಿ ಕೂಡಿಕೆಗಳಲ್ಲಿ ಸಡಿಲಗೊಂಡು ಕಾದು ಬೆಂಕಿಗೆ ಕಾರಣವಾಗಬಲ್ಲದು. ಮನೆಗೆ ಬಳಿಯುವ ಸೀಸದ ಬಣ್ಣ ಅಲ್ಲಿ ನಿಷಿದ್ಧವಾದುದು 1978ರಲ್ಲಿ. ಅದಕ್ಕೆ ಹಿಂದಿನ ಮನೆಯೆಂದರೆ ಮಕ್ಕಳೊಂದಿಗರು ಎಚ್ಚರವಾಗಿರಬೇಕು.

ಅವನು ಗೋಡೆ ಒಡೆಯುವುದಿಲ್ಲ, ಬೀರು ಸರಿಸುವುದಿಲ್ಲ. ಬೆಲೆ ಕಟ್ಟುವುದೂ, “ಕೊಳ್ಳಿ”, “ಬೇಡ” ಎನ್ನುವುದೂ ಅವನ ಕೆಲಸವಲ್ಲ. ಕಂಡುದನ್ನು ಬರೆಯಬೇಕು, ನೋಡಲಾಗದಿದ್ದುದನ್ನು ‘ನೋಡಲಾಗಲಿಲ್ಲ’ ಎಂದೇ ಬರೆಯಬೇಕು. ವರದಿಯ ಭಾಷೆಯಲ್ಲಿಯೇ ಅವನ ಯೋಗ್ಯತೆಯಿದೆ. ಇಂದೇ ಸರಿಪಡಿಸಬೇಕಾದ ತಂತಿಯ ದೋಷವನ್ನೂ ಬಣ್ಣ ಬಿಟ್ಟ ಕಿಟಕಿಯನ್ನೂ ಒಂದೇ ದನಿಯಲ್ಲಿ ಹೇಳಿದರೆ ಓದುವವರು ವೃಥಾ ಹೆದರುತ್ತಾರೆ, ಇಲ್ಲವೇ ಹೆದರಬೇಕಾದಲ್ಲಿ ಹೆದರದೆ ಹೋಗುತ್ತಾರೆ.

ಅನ್ನ ಕೊಡುವವರಾರು?

ಹೊಸಬನ ನಿಜವಾದ ಪರೀಕ್ಷೆ ನಡೆಯುವುದು ಏಣಿಯ ಮೇಲಲ್ಲ. ಹೆಸರಿಲ್ಲದವನಿಗೆ ಮೊದಲು ಗಿರಾಕಿಗಳನ್ನು ಕಳುಹಿಸುವವರು ಬಹುಮಟ್ಟಿಗೆ ದಲ್ಲಾಳಿಗಳೇ. ದಲ್ಲಾಳಿಗೆ ಕಮಿಷನ್ ದೊರೆಯುವುದು ಮಾರಾಟ ಮುಗಿದಾಗ. ತಳಪಾಯ ಬಿರಿದಿದೆಯೆಂಬ ಒಂದು ಸಾಲು ವ್ಯಾಪಾರವನ್ನೇ ಮುರಿಯಬಹುದು. ಮುಂದಿನ ಬಾರಿ ಆ ಪರೀಕ್ಷಕನಿಗೆ ಕರೆ ಬಾರದಿರಬಹುದು. ಅಂಥವನಿಗೆ ಅಲ್ಲಿ ‘ಡೀಲ್ ಕಿಲ್ಲರ್’ ಎಂಬ ಅಡ್ಡಹೆಸರೂ ಇದೆ. ತಿಂಗಳ ಬಾಡಿಗೆ ಕಟ್ಟಬೇಕಾದ ಹೊಸಬನ ಲೇಖನಿ ‘ಬಿರುಕು’ ಎನ್ನುವಲ್ಲಿ ‘ಸಣ್ಣ ಗೆರೆ’ ಎಂದು ಬರೆಯಲು ಹವಣಿಸುವುದು ಇಲ್ಲಿಯೇ.

ಇದನ್ನರಿತೇ ಸಂಘವು ತನ್ನ ಸದಸ್ಯರಿಗೆ ಕೆಲವು ಕಟ್ಟುಗಳನ್ನು ವಿಧಿಸಿದೆ. ಗಿರಾಕಿಗಳನ್ನು ಕಳುಹಿಸಿದ್ದಕ್ಕಾಗಿ ದಲ್ಲಾಳಿಗೆ ಹಣ ಕೊಡುವಂತಿಲ್ಲ. ಪರೀಕ್ಷಿಸಿದ ಮನೆಯ ದುರಸ್ತಿಯನ್ನು ಒಂದು ವರ್ಷದವರೆಗೆ ತಾನೇ ಹಣಕ್ಕಾಗಿ ಮಾಡುವಂತಿಲ್ಲ. ಇಲ್ಲವಾದರೆ ರೋಗ ಹೇಳುವವನೇ ಔಷಧದ ಅಂಗಡಿಯನ್ನೂ ಇಟ್ಟಂತಾಗುತ್ತದೆ. ಕಟ್ಟುಗಳಿದ್ದ ಮಾತ್ರಕ್ಕೆ ಹೊಟ್ಟೆ ತುಂಬದು. ಆದುದರಿಂದ ಕೆಲವು ತಿಂಗಳುಗಳ ಮನೆಖರ್ಚನ್ನು ಕೈಯಲ್ಲಿಟ್ಟುಕೊಂಡು ಈ ವೃತ್ತಿಗೆ ಇಳಿಯುವುದೇ ವಿವೇಕ. ಆ ಉಳಿತಾಯವೇ ಅವನ ಸತ್ಯಸಂಧತೆಗೆ ಕಾವಲು.

ನಮ್ಮ ಊರಿನಲ್ಲಿ

ಬೆಂಗಳೂರಿನಲ್ಲಿಯೂ ಈಗ ಹೊಸ ಫ್ಲ್ಯಾಟಿನ ಬೀಗದಕೈ ಪಡೆಯುವ ಮುನ್ನ ಹಣ ಕೊಟ್ಟು ಪರೀಕ್ಷೆ ಮಾಡಿಸುವವರಿದ್ದಾರೆ. ಇಲ್ಲಿ ನೋಡುವ ವಸ್ತುಗಳು ಬೇರೆ. ನೆಲದ ಟೈಲ್ಸನ್ನು ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಗುರುತು ಹಾಕುತ್ತಾರೆ. ಬಚ್ಚಲಿನಲ್ಲಿ ನೀರು ಸುರಿದು, ಅದು ಮೂಲೆಯಲ್ಲಿ ನಿಲ್ಲದೆ ಜಾಲರಿಯತ್ತ ಹರಿಯುವುದೇ ಎಂದು ನೋಡುತ್ತಾರೆ. ಉಷ್ಣತೆಯ ವ್ಯತ್ಯಾಸವನ್ನು ತೋರಿಸುವ ಕ್ಯಾಮೆರಾದಿಂದ ತೇವದ ಜಾಡು ಹಿಡಿಯುತ್ತಾರೆ. ಆ ಕ್ಯಾಮೆರಾ ನೀರನ್ನು ಕಾಣದು, ತಂಪನ್ನು ಮಾತ್ರ ಕಾಣುತ್ತದೆ. ತೇವದ ಮೀಟರಿನಿಂದ ಖಚಿತಪಡಿಸಿಕೊಳ್ಳದೆ ‘ಸೋರಿಕೆ’ ಎಂದು ಬರೆಯುವುದು ದುಡುಕು.

ಇಂತಹ ವರದಿಗೆ ಕಾನೂನಿನ ಆಸರೆಯೂ ಉಂಟು. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ, ಮನೆ ವಶಕ್ಕೆ ಬಂದ ಐದು ವರ್ಷಗಳೊಳಗೆ ರಚನೆಯ ಅಥವಾ ಕೆಲಸಗಾರಿಕೆಯ ದೋಷವನ್ನು ತಿಳಿಸಿದರೆ, ನಿರ್ಮಾಪಕನು ಅದನ್ನು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ದೋಷವನ್ನು ದಿನಾಂಕ, ಚಿತ್ರ ಸಹಿತ ಗುರುತಿಸಿದ ಕಾಗದ ಕುಟುಂಬದ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಆದರೆ ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿಯನ್ನು ಕಡ್ಡಾಯ ಮಾಡುವ ಕಾನೂನು ನಮ್ಮಲ್ಲಿಲ್ಲ. ಆದುದರಿಂದ ಕರೆಸುವವರು ಕೇಳಬೇಕಾದ ಪ್ರಶ್ನೆಗಳು ಎರಡು: ಇವರಿಗೆ ಹಣ ಕೊಡುವವರು ನಾವೊಬ್ಬರೇ ತಾನೆ? ಹಿಂದೆ ಬರೆದ ವರದಿಯೊಂದರ ಮಾದರಿಯನ್ನು ತೋರಿಸಬಲ್ಲರೇ? ಸಿವಿಲ್ ಡಿಪ್ಲೊಮಾ ಮುಗಿಸಿ ಈ ದಾರಿ ಹಿಡಿಯಬಯಸುವ ತರುಣ ತರುಣಿಯರು ಬೆಲೆಬಾಳುವ ಕ್ಯಾಮೆರಾ ಕೊಳ್ಳುವುದಕ್ಕೆ ಮೊದಲು ತಮ್ಮ ಸ್ವಂತ ಮನೆಯನ್ನೇ ಪರೀಕ್ಷಿಸಿ ಒಂದು ವರದಿ ಬರೆದು ನೋಡಲಿ. ಮನೆಯಲ್ಲಿರುವ ಅಜ್ಜಿಗೂ ಅದು ಅರ್ಥವಾದರೆ, ಕಸುಬಿನ ಮೊದಲ ಪಾಠ ಮುಗಿದಂತೆ.